ಕಂಪ್ಯೂಟರ್ ವಿಜ್ಞಾನವೋ, ಮಾಹಿತಿ ತಂತ್ರಜ್ಞಾನವೋ, ದತ್ತಾಂಶವೋ: ಶಾಲೆಯಲ್ಲಿ ವಿಷಯ ಆರಿಸುವವರಿಗೆ

ಶಾಲೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ ಹೆಸರುಗಳು ಎರಡು ಮೂರು ಕಡೆ ಕಾಣಿಸಿಕೊಂಡರೆ ಗೊಂದಲವಾಗುವುದು ಸಹಜ. ಕಂಪ್ಯೂಟರ್ ವಿಜ್ಞಾನ, ಕಂಪ್ಯೂಟಿಂಗ್, ಮಾಹಿತಿ ತಂತ್ರಜ್ಞಾನ, ಇನ್‌ಫರ್ಮ್ಯಾಟಿಕ್ಸ್, ಕಂಪ್ಯೂಟರ್ ಅಪ್ಲಿಕೇಶನ್ಸ್ ಎಂಬಿವೆಲ್ಲ ಒಂದೇ ವಿಷಯಕ್ಕೆ ಅಂಟಿಸಿದ ಬೇರೆ ಬೇರೆ ಹಣೆಪಟ್ಟಿಗಳಂತೆ ತೋರುತ್ತವೆ. ಆದರೆ ಇವುಗಳಲ್ಲಿ ವಿದ್ಯಾರ್ಥಿಯು ವಾರದಲ್ಲಿ ಹಲವು ಗಂಟೆ ಕುಳಿತು ಮಾಡಬೇಕಾದ ಕೆಲಸ ಒಂದರಂತೆ ಇನ್ನೊಂದಿಲ್ಲ. ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಉಂಟು. ಹೆಸರನ್ನು ನಂಬಿ ಸೇರಿಕೊಂಡು, ಮೂರು ತಿಂಗಳು ಕಳೆದ ಮೇಲೆ "ಇದು ನಾನು ಅಂದುಕೊಂಡ ವಿಷಯವೇ ಅಲ್ಲ" ಎಂದು ಮುಖ ಸಪ್ಪಗೆ ಮಾಡಿಕೊಂಡು ಬರುವ ಒಬ್ಬಿಬ್ಬರನ್ನು ನಾನು ಪಾಠ ಮಾಡಿದ ಪ್ರತಿ ವರ್ಷವೂ ಕಂಡಿದ್ದೇನೆ. ಆ ಮೂರು ತಿಂಗಳನ್ನು ಉಳಿಸುವುದಷ್ಟೇ ಈ ಬರಹದ ಉದ್ದೇಶ.

ಒಂದೇ ಘಟನೆ, ಮೂರು ಪ್ರಶ್ನೆ

ವ್ಯಾಖ್ಯೆಗಳಿಗಿಂತ ಮೊದಲು ನಡೆದ ಒಂದು ಘಟನೆಯನ್ನು ಹೇಳುತ್ತೇನೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಫೈಲಿಗೆ ತುಂಬಲಾಗುತ್ತಿತ್ತು. ಆ ಮಾದರಿಯ ಒಂದು ಹಾಳೆಯಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳು ಹಿಡಿಸುವುದಿಲ್ಲ. ಮಿಕ್ಕ ಸಾಲುಗಳು ಯಾರ ಗಮನಕ್ಕೂ ಬಾರದೆ ಉದುರಿಹೋದವು.

ಈ ಘಟನೆಯನ್ನು ಮಾಹಿತಿ ತಂತ್ರಜ್ಞಾನದ ತರಗತಿಯಲ್ಲಿ ಚರ್ಚೆಗೆ ಇಟ್ಟರೆ ಏಳುವ ಪ್ರಶ್ನೆಗಳು ಹೀಗಿರುತ್ತವೆ: ಈ ಕೆಲಸಕ್ಕೆ ಸ್ಪ್ರೆಡ್‌ಶೀಟ್ ಸರಿಯಾದ ಸಾಧನವೇ, ಡೇಟಾಬೇಸ್ ಬೇಕಿತ್ತೇ, ಫೈಲಿನ ಯಾವ ಮಾದರಿಯನ್ನು ಆರಿಸಬೇಕಿತ್ತು, ಒಳಗೆ ಬಂದ ಸಾಲುಗಳೂ ಹೊರಗೆ ಹೋದ ಸಾಲುಗಳೂ ಸಮನಾಗಿವೆಯೇ ಎಂದು ತಾಳೆ ನೋಡುವ ಹಂತವನ್ನು ಎಲ್ಲಿ ಇಡಬೇಕಿತ್ತು? ಕಂಪ್ಯೂಟರ್ ವಿಜ್ಞಾನದ ತರಗತಿಯ ಮೊದಲ ಪ್ರಶ್ನೆ ಬೇರೆಯದು: ಮಿತಿ 65,000 ಆಗಿರಬಹುದಿತ್ತು, 70,000 ಆಗಿರಬಹುದಿತ್ತು, 65,536 ಎಂಬ ಈ ವಿಚಿತ್ರ ಸಂಖ್ಯೆಯೇ ಏಕೆ? ಹದಿನಾರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವುದು 65,536. ಸಾಲಿನ ಸಂಖ್ಯೆಯನ್ನು ಇಡಲು ಆ ಫೈಲಿನ ವಿನ್ಯಾಸದಲ್ಲಿ 16 ಬಿಟ್‌ಗಳನ್ನಷ್ಟೇ, ಅಂದರೆ ಸೊನ್ನೆ ಅಥವಾ ಒಂದನ್ನು ಮಾತ್ರ ಬರೆಯಬಹುದಾದ ಹದಿನಾರು ಮನೆಗಳನ್ನಷ್ಟೇ, ಕೊಡಲಾಗಿದೆ. ಸೊನ್ನೆಯಿಂದ ಎಣಿಸತೊಡಗಿದರೆ 65,535ಕ್ಕೆ ಹದಿನಾರು ಬಿಟ್‌ಗಳೂ ಒಂದಾಗಿರುತ್ತವೆ, ಮುಂದಿನ ಸಂಖ್ಯೆಯನ್ನು ಬರೆಯಲು ಜಾಗವೇ ಇರುವುದಿಲ್ಲ. ಇನ್ನು ದತ್ತಾಂಶ ವಿಶ್ಲೇಷಣೆಯ ತರಗತಿಯಲ್ಲಿ ಕೇಳುವುದು ಮೂರನೆಯ ಬಗೆಯ ಪ್ರಶ್ನೆ: ಹಿಂದಿನ ವಾರಗಳ ಏರಿಕೆಯ ಗತಿಯನ್ನು ನೋಡಿದವರಿಗೆ ಈ ವಾರದ ಅಂಕಿಗಳಲ್ಲಿ ಏನೋ ಕೊರತೆಯಿದೆ ಎಂಬ ಅನುಮಾನವನ್ನು ಹುಟ್ಟಿಸಲು ಯಾವ ನಕ್ಷೆಯನ್ನು ಬಿಡಿಸಬೇಕಿತ್ತು?

ಮೂರೂ ಒಳ್ಳೆಯ ಪ್ರಶ್ನೆಗಳೇ. ಇವುಗಳಲ್ಲಿ ಯಾವುದನ್ನು ಓದಿದಾಗ ವಿದ್ಯಾರ್ಥಿಯ ಕಿವಿ ನೆಟ್ಟಗಾಯಿತು ಎಂಬುದು ಆಯ್ಕೆಯ ಮೊದಲ ಸುಳಿವು.

ಈ ವಿಂಗಡಣೆ ನನ್ನ ಸ್ವಂತದ್ದಲ್ಲ, ಅದರ ಬಹುಪಾಲು 2012ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಶಾಲಾ ಕಂಪ್ಯೂಟಿಂಗ್ ಬಗ್ಗೆ ಹೊರತಂದ ವರದಿಯಲ್ಲಿದೆ. 'ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ' ಎಂಬ ಒಂದೇ ಛತ್ರಿಯ ಕೆಳಗೆ ಎಲ್ಲವನ್ನೂ ತುಂಬುವುದನ್ನು ಬಿಟ್ಟು, ಕಂಪ್ಯೂಟರ್ ವಿಜ್ಞಾನ, ಮಾಹಿತಿ ತಂತ್ರಜ್ಞಾನ, ಡಿಜಿಟಲ್ ಸಾಕ್ಷರತೆ ಎಂದು ಮೂರಾಗಿ ಬಿಡಿಸಿ ನೋಡಬೇಕೆಂದು ಆ ವರದಿ ಸೂಚಿಸಿತು. ಇಂಗ್ಲೆಂಡಿನ ಶಾಲೆಗಳಲ್ಲಿ 2014ರಿಂದ ಹಳೆಯ ವಿಷಯದ ಜಾಗಕ್ಕೆ ಕಂಪ್ಯೂಟಿಂಗ್ ಬಂದಿತು. ಡಿಜಿಟಲ್ ಸಾಕ್ಷರತೆಯನ್ನು ನಾನು ಇಲ್ಲಿ ಹೋಲಿಕೆಗೆ ತೆಗೆದುಕೊಂಡಿಲ್ಲ. ಇಮೇಲ್ ಬರೆಯುವುದು, ಪಾಸ್‌ವರ್ಡ್ ಕಾಪಾಡಿಕೊಳ್ಳುವುದು, ಸುಳ್ಳು ಸುದ್ದಿಯನ್ನು ಗುರುತಿಸುವುದು ಎಲ್ಲರಿಗೂ ಬೇಕಾದ್ದು, ಅದನ್ನು ಐಚ್ಛಿಕ ಎಂದು ಕರೆಯುವುದೇ ತಪ್ಪು. ಅದರ ಬದಲಿಗೆ ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ವಿಷಯವಾಗಿ ತಲೆಯೆತ್ತಿರುವ ದತ್ತಾಂಶದ ಅಧ್ಯಯನವನ್ನು ಮೂರನೆಯದಾಗಿ ಸೇರಿಸಿಕೊಂಡಿದ್ದೇನೆ.

ಕಂಪ್ಯೂಟರ್ ವಿಜ್ಞಾನ

ಹೊಸದಾಗಿ ಸೇರಿದವರಿಗೆ ಇಲ್ಲಿ ಕಾದಿರುವ ಅಚ್ಚರಿ ಎಂದರೆ, ಬಹಳಷ್ಟು ಹೊತ್ತು ಕಂಪ್ಯೂಟರನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ದ್ವಿಮಾನ ಸಂಖ್ಯೆಗಳು, ಹದಿನಾರರ ಪದ್ಧತಿ, ಲಾಜಿಕ್ ಗೇಟುಗಳು, ಪ್ರೊಸೆಸರ್ ಒಂದೊಂದೇ ಸೂಚನೆಯನ್ನು ಮೆಮೊರಿಯಿಂದ ತಂದು ಬಿಡಿಸಿ ನಡೆಸುವ ಬಗೆ, ಒಂದು ಸಂದೇಶ ಚೂರುಚೂರಾಗಿ ಹೊರಟು ಇನ್ನೊಂದು ತುದಿಯಲ್ಲಿ ಮತ್ತೆ ಒಂದಾಗುವ ಬಗೆ, ಹುಡುಕುವ ಮತ್ತು ವಿಂಗಡಿಸುವ ವಿಧಾನಗಳು, ಇವೆಲ್ಲದರ ನಡುವೆ ಎಳೆಯಂತೆ ಹಾದುಹೋಗುವ ಪ್ರೋಗ್ರಾಮಿಂಗ್ — ಸಾಮಾನ್ಯವಾಗಿ ಪಠ್ಯಕ್ರಮದಲ್ಲಿ ಇರುವುದು ಇಷ್ಟು. ಅಕ್ಷರಕ್ರಮದಲ್ಲಿರುವ ಸಾವಿರ ಹೆಸರುಗಳ ಪಟ್ಟಿಯಲ್ಲಿ ಒಂದು ಹೆಸರನ್ನು ಮೊದಲಿನಿಂದ ಹುಡುಕುತ್ತ ಹೋದರೆ ಸಾವಿರ ಬಾರಿ ನೋಡಬೇಕಾಗಬಹುದು, ಪ್ರತಿ ಸಲವೂ ನಡುವಿನ ಹೆಸರನ್ನು ನೋಡಿ ಅರ್ಧ ಪಟ್ಟಿಯನ್ನು ಕೈಬಿಡುತ್ತ ಹೋದರೆ ಹತ್ತು ಬಾರಿ ನೋಡಿದರೆ ಸಾಕು. ಪಟ್ಟಿ ಹತ್ತು ಲಕ್ಷಕ್ಕೆ ಬೆಳೆದರೂ ಇಪ್ಪತ್ತು ಬಾರಿ. ಈ ಮಾತನ್ನು ಕೇಳಿ "ಹೌದೇ? ಏಕೆ?" ಎಂದು ಕೇಳುವ ಮಗು ಈ ವಿಷಯಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ಆದರೆ ದಿನನಿತ್ಯದ ಕೆಲಸ ಇಷ್ಟು ರೋಮಾಂಚಕವಾಗಿಯೇನೂ ಇರುವುದಿಲ್ಲ. ಅದು ಬಹುಮಟ್ಟಿಗೆ ತಪ್ಪು ಹುಡುಕುವ ಕೆಲಸ. ತರಗತಿಯಲ್ಲಿ ನಾನು ಮತ್ತೆ ಮತ್ತೆ ಕೊಡುತ್ತಿದ್ದ ಒಂದು ಲೆಕ್ಕವನ್ನು ಇಲ್ಲಿ ಬಿಡಿಸಿ ತೋರಿಸುವುದು ಉಪಯುಕ್ತ. ಒಂದು ಪಟ್ಟಿಯಲ್ಲಿ ಕೆಲವು ದಿನಗಳ ಉಷ್ಣಾಂಶಗಳಿವೆ, ಅತಿ ಹೆಚ್ಚಿನದನ್ನು ಕಂಡುಹಿಡಿಯಬೇಕು. ಹೆಚ್ಚಿನವರು ಬರೆಯುವ ಪ್ರೋಗ್ರಾಮ್ ಹೀಗಿರುತ್ತದೆ: 'ಗರಿಷ್ಠ' ಎಂಬ ವೇರಿಯಬಲ್‌ನಲ್ಲಿ ಸೊನ್ನೆಯನ್ನು ಇಡು, ಪಟ್ಟಿಯ ಒಂದೊಂದು ಸಂಖ್ಯೆಯನ್ನೂ ತೆಗೆದುಕೊ, ಅದು 'ಗರಿಷ್ಠ'ಕ್ಕಿಂತ ದೊಡ್ಡದಾದರೆ 'ಗರಿಷ್ಠ'ದ ಜಾಗದಲ್ಲಿ ಅದನ್ನು ಇಡು, ಪಟ್ಟಿ ಮುಗಿದ ಮೇಲೆ 'ಗರಿಷ್ಠ'ವನ್ನು ತೋರಿಸು. 21, 34, 28 ಎಂದು ಕೊಟ್ಟರೆ 34 ಎಂಬ ಸರಿ ಉತ್ತರ ಬರುತ್ತದೆ. ವಿದ್ಯಾರ್ಥಿ ತೃಪ್ತಿಯಿಂದ ಕೈ ಎತ್ತುತ್ತಾನೆ. ಆಗ −7, −3, −12, −5 ಎಂಬ ನಾಲ್ಕು ಸಂಖ್ಯೆಗಳನ್ನು ಕೊಡುತ್ತೇನೆ. ಉತ್ತರ ಸೊನ್ನೆ ಎಂದು ಬರುತ್ತದೆ. ಪಟ್ಟಿಯಲ್ಲೇ ಇಲ್ಲದ ಸಂಖ್ಯೆ! ಪ್ರೋಗ್ರಾಮ್ ನಿಂತುಹೋಗಿಲ್ಲ, ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ದೋಷವೂ ಕಾಣಿಸಿಕೊಂಡಿಲ್ಲ. ಅದು ಶಾಂತವಾಗಿ ಸುಳ್ಳು ಹೇಳಿದೆ.

ಈಗ ವಿದ್ಯಾರ್ಥಿ ಕಾಗದದ ಮೇಲೆ ಅಂಕಣಗಳನ್ನು ಎಳೆದು, ಪ್ರತಿ ಹೆಜ್ಜೆಯಲ್ಲೂ ಯಾವ ವೇರಿಯಬಲ್‌ನಲ್ಲಿ ಏನಿದೆ ಎಂದು ಬರೆಯುತ್ತ ಹೋಗಬೇಕು. ಇದನ್ನು ಟ್ರೇಸ್ ಟೇಬಲ್ ಎನ್ನುತ್ತಾರೆ. ಮೊದಲ ಸಾಲಿನಲ್ಲೇ ದೋಷ ಸಿಗುತ್ತದೆ: −7 ಸೊನ್ನೆಗಿಂತ ದೊಡ್ಡದಲ್ಲ, −3 ಕೂಡ ಅಲ್ಲ, ಹಾಗಾಗಿ 'ಗರಿಷ್ಠ' ಕದಲುವುದೇ ಇಲ್ಲ. ಸೊನ್ನೆಯ ಬದಲು ಪಟ್ಟಿಯ ಮೊದಲ ಸಂಖ್ಯೆಯನ್ನೇ ಇಟ್ಟುಕೊಂಡು ಆರಂಭಿಸಿದರೆ ಸರಿಹೋಗುತ್ತದೆ. ಸರಿಹೋಯಿತು ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕೇಳುತ್ತಾರೆ: "ಪಟ್ಟಿಯೇ ಖಾಲಿಯಿದ್ದರೆ ಮೊದಲ ಸಂಖ್ಯೆ ಎಲ್ಲಿಂದ ಬರುತ್ತದೆ?" ಆ ಪ್ರಶ್ನೆ ಕೇಳಿದವರಿಗೆ ಈ ವಿಷಯ ದಕ್ಕಿತು ಎಂದೇ ಲೆಕ್ಕ. ಇಂಥ ಅರ್ಧ ಗಂಟೆಯನ್ನು ಹಿಂಸೆ ಎಂದು ಅನುಭವಿಸುವವರೂ ಇರುತ್ತಾರೆ, ಅವರು ದಡ್ಡರಲ್ಲ. ಅವರ ಮನಸ್ಸು ಬೇರೆ ಕಡೆ ಚುರುಕಾಗಿರುತ್ತದೆ ಅಷ್ಟೆ. ಎರಡು ವರ್ಷ ಇದನ್ನೇ ಮಾಡಬೇಕೆಂಬುದನ್ನು ಮಾತ್ರ ಅವರಿಗೆ ಮೊದಲೇ ಹೇಳಬೇಕು.

ಪರೀಕ್ಷೆಯೂ ಇದೇ ಧಾಟಿಯಲ್ಲಿರುತ್ತದೆ. ಹಲವು ದೇಶಗಳ ಶಾಲೆಗಳಲ್ಲಿ ಹತ್ತನೆಯ ತರಗತಿಯ ಹಂತದಲ್ಲಿ ನಡೆಯುವ ಕೇಂಬ್ರಿಡ್ಜ್ ಐಜಿಸಿಎಸ್‌ಇ ಕಂಪ್ಯೂಟರ್ ವಿಜ್ಞಾನದಲ್ಲಿ ತಲಾ 75 ಅಂಕಗಳ ಎರಡು ಲಿಖಿತ ಪತ್ರಿಕೆಗಳಿವೆ, ಎರಡಕ್ಕೂ ಸಮಾನ ತೂಕ. ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಪರೀಕ್ಷೆ ಅಲ್ಲಿ ಇಲ್ಲವೇ ಇಲ್ಲ, ಪ್ರೋಗ್ರಾಮನ್ನು ಪೆನ್ನಿನಿಂದ ಬರೆಯಬೇಕು. ಲ್ಯಾಬಿನಲ್ಲಿ ಪ್ರೋಗ್ರಾಮನ್ನು ಓಡಿಸಿ, ಕೆಂಪು ಗೆರೆ ಬಂದಲ್ಲಿ ತಿದ್ದಿ, ಮತ್ತೆ ಓಡಿಸುವ ಅಭ್ಯಾಸವಾದವರು ಇಲ್ಲಿ ತಡವರಿಸುತ್ತಾರೆ. ಕಂಪ್ಯೂಟರಿನ ಮುಂದೆ ಸದಾ ಕುಳಿತಿರುವ ಹುಡುಗನಿಗೆ ಈ ವಿಷಯ ಸುಲಭವಾಗುತ್ತದೆ ಎಂಬ ಪೋಷಕರ ಎಣಿಕೆ ಎಷ್ಟೋ ಸಲ ತಲೆಕೆಳಗಾಗುವುದು ಇದೇ ಕಾರಣಕ್ಕೆ. ಆಟ ಆಡುವುದಕ್ಕೂ ಆಟ ನಡೆಯುವ ಬಗೆಯನ್ನು ಕಾಗದದ ಮೇಲೆ ವಿವರಿಸುವುದಕ್ಕೂ ಬೇಕಾದ ತಾಳ್ಮೆ ಒಂದೇ ಅಲ್ಲ.

ಮಾಹಿತಿ ತಂತ್ರಜ್ಞಾನ

ಈ ವಿಷಯದ ಬಗ್ಗೆ ಒಂದು ತಾತ್ಸಾರವಿದೆ. ಪ್ರೋಗ್ರಾಮ್ ಬರೆಯಲು ಬಾರದವರು ಸೇರುವ ತರಗತಿ ಎಂದು ಸಹಪಾಠಿಗಳೂ ಕೆಲವೊಮ್ಮೆ ಶಿಕ್ಷಕರೂ ಮಾತನಾಡುವುದನ್ನು ಕೇಳಿದ್ದೇನೆ. ಚೆನ್ನಾಗಿ ಕಲಿಸಿದರೆ ಈ ತಾತ್ಸಾರಕ್ಕೆ ಆಧಾರವೇ ಇಲ್ಲ.

ನಲವತ್ತು ಪುಟಗಳ ಒಂದು ವರದಿಯನ್ನು ಇಬ್ಬರಿಗೆ ಕೊಡಿ. ಒಬ್ಬರು ಪ್ರತಿ ಶೀರ್ಷಿಕೆಯನ್ನೂ ಆರಿಸಿ ದಪ್ಪಗೆ ಮಾಡಿ, ಅಕ್ಷರದ ಗಾತ್ರ ಹಿಗ್ಗಿಸಿ, ಪುಟಸಂಖ್ಯೆಗಳನ್ನು ನೋಡಿಕೊಂಡು ಪರಿವಿಡಿಯನ್ನು ಕೈಯಾರೆ ಟೈಪ್ ಮಾಡುತ್ತಾರೆ. ಇನ್ನೊಬ್ಬರು ಪ್ರತಿ ಶೀರ್ಷಿಕೆಗೂ 'ಶೀರ್ಷಿಕೆ' ಎಂಬ ಸ್ಟೈಲನ್ನು ಹಚ್ಚುತ್ತಾರೆ, ಪರಿವಿಡಿಯನ್ನು ತಂತ್ರಾಂಶವೇ ಕಟ್ಟಿಕೊಡುತ್ತದೆ. ನಡುವೆ ಎರಡು ಪುಟ ಹೊಸದಾಗಿ ಸೇರಿದ ಕೂಡಲೇ ಮೊದಲನೆಯವರ ಪರಿವಿಡಿ ಪೂರ್ತಿ ಸುಳ್ಳಾಗುತ್ತದೆ, ಎರಡನೆಯವರು ಒಂದು ಗುಂಡಿ ಒತ್ತಿ ಎದ್ದು ಹೋಗುತ್ತಾರೆ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ದಾಖಲೆಗಳ ಒಳರಚನೆ ಹೀಗೆ ಬೇರೆಯಾಗಿರಬಹುದು ಎಂಬ ತಿಳಿವಳಿಕೆ ಸಣ್ಣದಲ್ಲ. ಸ್ಪ್ರೆಡ್‌ಶೀಟಿನಲ್ಲಿ ಸೂತ್ರವನ್ನು ಕೆಳಕ್ಕೆ ಎಳೆದಾಗ ಯಾವ ಕೋಶ ಜೊತೆಗೆ ಸರಿಯಬೇಕು, ಡಾಲರ್ ಚಿಹ್ನೆ ಹಾಕಿ ಯಾವುದನ್ನು ಕಟ್ಟಿಹಾಕಬೇಕು ಎಂಬ ಪಾಠವೂ ಇದೇ ಜಾತಿಗೆ ಸೇರಿದ್ದು.

ಸಾಧನದ ಸ್ವಭಾವ ತಿಳಿಯದಿದ್ದರೆ ದೊಡ್ಡ ವಿದ್ವಾಂಸರೂ ಎಡವುತ್ತಾರೆ. ಮನುಷ್ಯನ ವಂಶವಾಹಿಗಳಲ್ಲಿ ಕೆಲವಕ್ಕೆ 'ಮಾರ್ಚ್1', 'ಸೆಪ್ಟ್1' ಎಂಬ ಸಂಕ್ಷಿಪ್ತ ಹೆಸರುಗಳಿದ್ದವು. ಸ್ಪ್ರೆಡ್‌ಶೀಟಿನಲ್ಲಿ ಟೈಪ್ ಮಾಡಿದ ತಕ್ಷಣ ಅವು ದಿನಾಂಕಗಳಾಗಿ ಮಾರ್ಪಡುತ್ತಿದ್ದವು, ಎಷ್ಟೋ ಸಂಶೋಧಕರ ಪಟ್ಟಿಗಳು ಹೀಗೆ ಕೆಟ್ಟವು. ಕೊನೆಗೆ 2020ರಲ್ಲಿ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಆ ವಂಶವಾಹಿಗಳ ಹೆಸರುಗಳನ್ನು ಬದಲಿಸಿತು. ಕೋಶದ ಮಾದರಿಯನ್ನು ಮೊದಲೇ 'ಪಠ್ಯ' ಎಂದು ನಿಗದಿಪಡಿಸುವುದು ಮಾಹಿತಿ ತಂತ್ರಜ್ಞಾನದ ಆರಂಭದ ಪಾಠಗಳಲ್ಲೊಂದು.

ಇಲ್ಲಿ ಪರೀಕ್ಷೆಯ ಸ್ವರೂಪ ತಿರುಗಾಮುರುಗಾ. ಮೇಲೆ ಹೇಳಿದ ಕೇಂಬ್ರಿಡ್ಜ್ ಐಜಿಸಿಎಸ್‌ಇಯಲ್ಲೇ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ಆರಿಸಿದರೆ ಲಿಖಿತ ಪತ್ರಿಕೆಗೆ ಶೇ. 40, ಕಂಪ್ಯೂಟರಿನ ಮುಂದೆ ನಡೆಯುವ ಎರಡು ಪ್ರಾಯೋಗಿಕ ಪತ್ರಿಕೆಗಳಿಗೆ ತಲಾ ಶೇ. 30ರಷ್ಟು ತೂಕವಿದೆ. ಒಂದೇ ಮಂಡಳಿ, ಒಂದೇ ಹಂತ, ಆದರೂ ಒಂದರಲ್ಲಿ ಕೀಲಿಮಣೆಯೇ ಇಲ್ಲ, ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಕೀಲಿಮಣೆಯ ಮೇಲೆಯೇ. ಎರಡು ವಿಷಯಗಳ ಅಂತರವನ್ನು ಇದಕ್ಕಿಂತ ಚುಟುಕಾಗಿ ತೋರಿಸುವುದು ಕಷ್ಟ.

ದೋಷವನ್ನೂ ಹೇಳಬೇಕು. ಕೆಟ್ಟದಾಗಿ ಕಲಿಸಿದ ಮಾಹಿತಿ ತಂತ್ರಜ್ಞಾನ ಎಂದರೆ ಯಾವ ಮೆನುವಿನಲ್ಲಿ ಯಾವ ಆಜ್ಞೆ ಇದೆ ಎಂಬುದರ ಬಾಯಿಪಾಠ. ತಂತ್ರಾಂಶದ ಹೊಸ ಆವೃತ್ತಿ ಬಂದ ದಿನವೇ ಅದು ಹಳಸುತ್ತದೆ. ನಾನು ಒಮ್ಮೆ ಭೇಟಿ ಕೊಟ್ಟ ಒಂದು ಶಾಲೆಯಲ್ಲಿ ವಿಷಯದ ಹೆಸರು 'ಕಂಪ್ಯೂಟರ್ ವಿಜ್ಞಾನ' ಎಂದೇ ಇತ್ತು, ಆದರೆ ಮಕ್ಕಳ ಪುಸ್ತಕಗಳಲ್ಲಿ ವರ್ಷಪೂರ್ತಿ ತುಂಬಿದ್ದದ್ದು ಕೀಲಿಮಣೆಯ ಶಾರ್ಟ್‌ಕಟ್‌ಗಳ ಪಟ್ಟಿ. ಹಣೆಪಟ್ಟಿಯನ್ನು ನಂಬಬೇಡಿ ಎಂದು ಆಗ ಕಲಿತದ್ದು.

ದತ್ತಾಂಶ ಪ್ರಧಾನ ವಿಷಯಗಳು

ಇವು ಮೇಲಿನ ಎರಡರ ನಡುವೆ ನಿಲ್ಲುತ್ತವೆ. ಪ್ರೋಗ್ರಾಮ್ ಬರೆಯಬೇಕು, ಆದರೆ ಕಂಪ್ಯೂಟರಿನ ಒಳಗುಟ್ಟಿಗಾಗಿ ಅಲ್ಲ, ಅಂಕಿಅಂಶಗಳಿಂದ ಉತ್ತರ ಹೊರಡಿಸುವುದಕ್ಕಾಗಿ. ಭಾರತದ ಸಿಬಿಎಸ್‌ಇ ಮಂಡಳಿಯ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿರುವ ಎರಡು ವಿಷಯಗಳು ಹೋಲಿಕೆಗೆ ಒಳ್ಳೆಯ ಉದಾಹರಣೆ. ಕಂಪ್ಯೂಟರ್ ಸೈನ್ಸ್ (ಸಂಕೇತ 083) ಮತ್ತು ಇನ್‌ಫರ್ಮ್ಯಾಟಿಕ್ಸ್ ಪ್ರಾಕ್ಟೀಸಸ್ (ಸಂಕೇತ 065) ಎರಡರಲ್ಲೂ 70 ಅಂಕ ಲಿಖಿತಕ್ಕೆ, 30 ಅಂಕ ಪ್ರಾಯೋಗಿಕಕ್ಕೆ. ಎರಡರಲ್ಲೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಎರಡರಲ್ಲೂ ಡೇಟಾಬೇಸ್ ಪ್ರಶ್ನಿಸುವ ಎಸ್‌ಕ್ಯೂಎಲ್. ಇವೆರಡರಲ್ಲಿ ಒಂದನ್ನಷ್ಟೇ ತೆಗೆದುಕೊಳ್ಳಬಹುದು. ಆದರೆ ಇತ್ತೀಚಿನ ವರ್ಷಗಳ ಹನ್ನೆರಡನೆಯ ತರಗತಿಯ ಲಿಖಿತ ಅಂಕಗಳ ಹಂಚಿಕೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಣ್ಣ ಬಯಲಾಗುತ್ತದೆ: 083ರಲ್ಲಿ ಪ್ರೋಗ್ರಾಮಿಂಗಿಗೆ 40, ನೆಟ್‌ವರ್ಕಿಗೆ 10, ಡೇಟಾಬೇಸಿಗೆ 20. 065ರಲ್ಲಿ ಪಾಂಡಾಸ್ ಎಂಬ ಪೈಥಾನ್ ಸಾಧನಸಂಗ್ರಹವನ್ನು ಬಳಸಿ ದತ್ತಾಂಶವನ್ನು ನಿಭಾಯಿಸಿ ನಕ್ಷೆ ಬಿಡಿಸುವುದಕ್ಕೆ 25, ಡೇಟಾಬೇಸಿಗೆ 25, ನೆಟ್‌ವರ್ಕಿಗೆ 10, ತಂತ್ರಜ್ಞಾನದ ಸಾಮಾಜಿಕ ಪರಿಣಾಮಗಳಿಗೆ 10.

065 ಸುಲಭ, 083 ಕಠಿಣ ಎಂಬ ಮಾತು ವಿದ್ಯಾರ್ಥಿಗಳ ನಡುವೆ ಓಡಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ಕಷ್ಟದ ಬಗೆ ಬೇರೆ. 083ರಲ್ಲಿ ಸ್ಟ್ಯಾಕ್ (ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯುವ ಪಟ್ಟಿ) ಒಂದನ್ನು ಕಟ್ಟುವಾಗ ತರ್ಕ ಸ್ವಲ್ಪ ಜಾರಿದರೂ ಎಲ್ಲವೂ ಕುಸಿಯುತ್ತದೆ. 065ರಲ್ಲಿ ಪ್ರೋಗ್ರಾಮ್ ಚಿಕ್ಕದು, ಆದರೆ ಬಂದ ಉತ್ತರಕ್ಕೆ ಅರ್ಥವಿದೆಯೇ ಎಂದು ತೂಗಿ ನೋಡಬೇಕು. ಖಾಲಿ ಬಿಟ್ಟ ಕೋಶವನ್ನು ಸೊನ್ನೆ ಎಂದು ಎಣಿಸಿದರೆ ಸರಾಸರಿ ಇಳಿಯುತ್ತದೆ, ಬಿಟ್ಟುಬಿಟ್ಟರೆ ಇಳಿಯುವುದಿಲ್ಲ. ಅರ್ಥಶಾಸ್ತ್ರ, ವಾಣಿಜ್ಯ, ಜೀವಶಾಸ್ತ್ರ, ಭೂಗೋಳಗಳತ್ತ ಒಲವಿರುವವರಿಗೆ ಈ ಮೂರನೆಯ ದಾರಿ ಹೆಚ್ಚು ಒದಗಿಬರುತ್ತದೆ.

ಯಾವ ಪ್ರೋಗ್ರಾಮಿಂಗ್ ಭಾಷೆ ಎಂಬ ಚರ್ಚೆ

ಇದಕ್ಕೆ ಸಿಗುತ್ತಿರುವ ಮಹತ್ವ ಹೆಚ್ಚಾಯಿತು. ಅಮೆರಿಕದ ಶಾಲೆಗಳಲ್ಲಿ ಕಾಲೇಜು ಮಟ್ಟದ ಪಾಠಕ್ಕೆ ನಡೆಯುವ ಎಪಿ ಪರೀಕ್ಷೆಗಳಲ್ಲೊಂದಾದ ಕಂಪ್ಯೂಟರ್ ಸೈನ್ಸ್ ಪರೀಕ್ಷೆ 1984ರಲ್ಲಿ ಪಾಸ್ಕಲ್ ಭಾಷೆಯಲ್ಲಿ ಶುರುವಾಯಿತು, 1999ರಲ್ಲಿ ಸಿ++ಗೆ ಹೊರಳಿತು, 2003–04ರ ಶೈಕ್ಷಣಿಕ ವರ್ಷದಿಂದ ಜಾವಾಗೆ ಬಂದಿತು. ಪಾಸ್ಕಲ್ ಕಲಿತ ಆ ಮೊದಲ ವಿದ್ಯಾರ್ಥಿಗಳಿಗೆ ಇಂದು ಆ ಭಾಷೆಯ ಉಪಯೋಗ ಹೆಚ್ಚಿರಲಾರದು, ಆದರೆ ಲೂಪ್, ಷರತ್ತು, ಅರೇ, ಫಂಕ್ಷನ್ ಎಂಬ ನಾಲ್ಕು ಕಂಬಗಳು ಮೂರೂ ಭಾಷೆಗಳಲ್ಲಿ ನಿಂತ ಜಾಗದಲ್ಲೇ ನಿಂತಿವೆ. ಆದ್ದರಿಂದ 'ಅಲ್ಲಿ ಜಾವಾ, ಇಲ್ಲಿ ಪೈಥಾನ್' ಎಂಬುದನ್ನೇ ಆಧಾರವಾಗಿಟ್ಟುಕೊಂಡು ಶಾಲೆಯನ್ನೋ ವಿಷಯವನ್ನೋ ಆರಿಸಬೇಡಿ.

ಒಂದು ಸಣ್ಣ ವಿನಾಯಿತಿ ಇದೆ. ಹಿಂದೆಂದೂ ಪ್ರೋಗ್ರಾಮ್ ಬರೆಯದ ವಿದ್ಯಾರ್ಥಿಗೆ ಮೊದಲ ಭಾಷೆ ಜಾವಾ ಆದರೆ, ಪರದೆಯ ಮೇಲೆ ಒಂದು ಸಾಲು ಮೂಡಿಸಲು ಕ್ಲಾಸ್, ಮೆಥಡ್, ಆವರಣ ಚಿಹ್ನೆಗಳು ಎಂದು ಅರ್ಥವಾಗದ ನಾಲ್ಕೈದು ಮಂತ್ರಗಳನ್ನು ನಂಬಿಕೆಯ ಮೇಲೆ ಬರೆಯಬೇಕಾಗುತ್ತದೆ. ಪೈಥಾನಿನಲ್ಲಿ ಅದೇ ಕೆಲಸ ಒಂದು ಸಾಲಿನದು. ಇನ್ನೂ ಕಿರಿಯರಿಗೆ 2007ರಲ್ಲಿ ಬಂದ ಸ್ಕ್ರ್ಯಾಚ್‌ನಂಥ, ತುಂಡುಗಳನ್ನು ಜೋಡಿಸುವ ಭಾಷೆಯೇ ಸೂಕ್ತ. ಅಲ್ಪವಿರಾಮ ತಪ್ಪಿದ್ದಕ್ಕೆ ಅಳುವ ವಯಸ್ಸಿನಲ್ಲಿ ಅಲ್ಪವಿರಾಮವೇ ಇಲ್ಲದಿರುವುದು ಒಳ್ಳೆಯದು. ಹದಿನಾಲ್ಕು ದಾಟಿದವರಿಗೆ ಇನ್ನೂ ತುಂಡುಗಳನ್ನೇ ಜೋಡಿಸುವ ಪಠ್ಯಕ್ರಮವಿದ್ದರೆ ಅದು ಕಂಪ್ಯೂಟರ್ ವಿಜ್ಞಾನವೆಂಬ ಹೆಸರಿಗೆ ತಕ್ಕುದಾಗಿದೆಯೇ ಎಂದು ವಿಚಾರಿಸಬೇಕು.

ಗಣಿತವನ್ನು ಬಿಟ್ಟು ಬೇಡ

ನಾನು ಕಂಡ ತಪ್ಪು ಆಯ್ಕೆಗಳಲ್ಲಿ ಹೆಚ್ಚು ದುಬಾರಿಯಾದದ್ದು ಇದು. ಮುಂದೆ ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಮಾಡಬೇಕೆಂಬ ಆಸೆಯಿಂದ ಶಾಲೆಯಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ತೆಗೆದುಕೊಳ್ಳುತ್ತಾರೆ, ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಳ್ಳಲು ಗಣಿತವನ್ನು ಬಿಡುತ್ತಾರೆ ಅಥವಾ ಗಣಿತದ ಸುಲಭ ರೂಪಕ್ಕೆ ಇಳಿಯುತ್ತಾರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ಪದವಿಗೆ ಎ ಲೆವೆಲ್ (ಬ್ರಿಟನ್ನಿನ ಶಾಲೆಯ ಕೊನೆಯ ಹಂತದ ಪರೀಕ್ಷೆ) ಗಣಿತ ಕಡ್ಡಾಯ, ಶಾಲೆಯ ಕಂಪ್ಯೂಟರ್ ವಿಜ್ಞಾನ ಕಡ್ಡಾಯವಲ್ಲ. ಭಾರತದ ಐಐಟಿಗಳ ಬಿ.ಟೆಕ್. ಪ್ರವೇಶಕ್ಕೆ ನಡೆಯುವ ಜೆಇಇ ಪರೀಕ್ಷೆಯಲ್ಲಿ ಇರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ. ಶಾಲೆಯಲ್ಲಿ ಪ್ರೋಗ್ರಾಮಿಂಗ್ ಕಲಿಯದವರಿಗೆ ಅದನ್ನು ಕಲಿಸಿಕೊಳ್ಳಲು ವಿಶ್ವವಿದ್ಯಾಲಯಗಳು ಸಿದ್ಧವಿರುತ್ತವೆ. ಗಣಿತವನ್ನು ಮೊದಲಿನಿಂದ ಕಲಿಸುವಷ್ಟು ಪುರುಸೊತ್ತು ಅವುಗಳಿಗಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕಾದ ಇಕ್ಕಟ್ಟು ಬಂದರೆ ಗಣಿತವನ್ನು ಉಳಿಸಿಕೊಂಡು ಪೈಥಾನನ್ನು ರಜೆಯಲ್ಲಿ ಕಲಿಯುವುದು ಕ್ಷೇಮ ಎಂದು ಕಂಪ್ಯೂಟರ್ ಪಾಠ ಹೇಳಿಯೇ ಬದುಕಿದ ನಾನು ಹೇಳುತ್ತಿದ್ದೇನೆ.

ಗಣಿತವೆಂದರೆ ಅಂಜುವವರು ಕಂಪ್ಯೂಟರ್ ವಿಜ್ಞಾನ ತೆಗೆದುಕೊಳ್ಳಲೇಬಾರದೇ ಎಂದು ಕೇಳುವವರಿದ್ದಾರೆ. ಶಾಲಾ ಹಂತದಲ್ಲಿ ನೇರವಾಗಿ ಬೇಕಾಗುವ ಗಣಿತ ಬಹಳವಿಲ್ಲ: ಭಾಗಾಕಾರದ ಶೇಷ, ಎರಡರ ಘಾತಗಳು, 'ಮತ್ತು–ಅಥವಾ–ಅಲ್ಲ' ಎಂಬ ತರ್ಕ, ಸರಳ ಬೀಜಗಣಿತ. ನಿಜವಾಗಿ ಬೇಕಾದದ್ದು ಗಣಿತದ ಮನೋಧರ್ಮ. ಪೈಥಾನಿನಲ್ಲಿ 0.1ಕ್ಕೆ 0.2ನ್ನು ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಇದೇ ಲೆಕ್ಕ ಮಾಡಿದರೆ ಅದು ದುಂಡಗೆ ಮಾಡಿ 0.3 ಎಂದೇ ತೋರಿಸುತ್ತದೆ. ದಶಮಾಂಶ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು ಬರೆಯಹೊರಟರೆ 0.333 ಎಂದು ಕೊನೆಯಿಲ್ಲದೆ ಸಾಗುವ ಹಾಗೆ, ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗ ಕೊನೆಯಿಲ್ಲದೆ ಸಾಗುತ್ತದೆ, ಯಂತ್ರ ಅದನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆ ಕೊನೆಯ 4 ಎಲ್ಲಿಂದ ಬಂತು ಎಂಬುದು ತಿಳಿಯುವವರೆಗೆ ನಿದ್ದೆ ಬಾರದವರಿಗೆ ಗಣಿತದ ಅಂಜಿಕೆ ತಾನಾಗಿಯೇ ಕರಗುತ್ತದೆ. ಉತ್ತರ ಹೇಗಿದ್ದರೂ 0.3 ತಾನೇ ಎನ್ನುವವರು ವ್ಯವಹಾರಜ್ಞರು, ಅವರಿಗೆ ಇನ್ನೆರಡು ವಿಷಯಗಳು ಕಾದಿವೆ.

ಶಾಲೆಯನ್ನು ಕೇಳಬೇಕಾದದ್ದು

ಪಠ್ಯಕ್ರಮ ಎಷ್ಟೇ ಚೆನ್ನಾಗಿದ್ದರೂ ಅದನ್ನು ನಡೆಸುವವರು ಶಿಕ್ಷಕರು. ವಿಷಯದ ಶಿಕ್ಷಕರನ್ನು ಕಂಡು, ಕಳೆದ ವರ್ಷ ವಿದ್ಯಾರ್ಥಿಗಳು ಮಾಡಿದ ಎರಡು ಪ್ರಾಜೆಕ್ಟ್‌ಗಳನ್ನು ತೋರಿಸುವಂತೆ ಕೇಳಿ. ಹತ್ತು ವಿದ್ಯಾರ್ಥಿಗಳದ್ದೂ ಒಂದೇ 'ಗ್ರಂಥಾಲಯ ನಿರ್ವಹಣೆ' ಪ್ರಾಜೆಕ್ಟ್ ಆಗಿದ್ದು, ಹೆಸರು ಮಾತ್ರ ಬದಲಾಗಿದ್ದರೆ ಅಲ್ಲಿ ನಡೆಯುತ್ತಿರುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ಶಿಕ್ಷಕರು ತರಗತಿಯಲ್ಲಿ ಎಲ್ಲರೆದುರು ಪ್ರೋಗ್ರಾಮ್ ಬರೆಯುತ್ತಾರೆಯೇ, ಬರೆಯುವಾಗ ತಪ್ಪಿದರೆ ಆ ತಪ್ಪನ್ನು ಗಟ್ಟಿಯಾಗಿ ಯೋಚಿಸುತ್ತ ತಿದ್ದುತ್ತಾರೆಯೇ ಎಂದು ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಿ. ಸಿದ್ಧ ಪ್ರೋಗ್ರಾಮನ್ನು ಬೋರ್ಡಿಗೆ ಇಳಿಸುವ ಶಿಕ್ಷಕರಿಗಿಂತ ತರಗತಿಯ ಮುಂದೆ ತಪ್ಪು ಮಾಡಲು ಹೆದರದ ಶಿಕ್ಷಕರು ನೂರು ಪಾಲು ಮೇಲು.

ಲ್ಯಾಬಿನ ಕೊರತೆ ಎಲ್ಲ ವಿಷಯಗಳಿಗೂ ಒಂದೇ ಪ್ರಮಾಣದಲ್ಲಿ ತಟ್ಟುವುದಿಲ್ಲ. ಎರಡೆರಡು ಮೂರು ಮೂರು ವಿದ್ಯಾರ್ಥಿಗಳು ಒಂದು ಯಂತ್ರವನ್ನು ಹಂಚಿಕೊಳ್ಳುವ ಕಡೆ ಮಾಹಿತಿ ತಂತ್ರಜ್ಞಾನವನ್ನು ಕಲಿಯುವುದು ಈಜನ್ನು ದಡದಲ್ಲಿ ನಿಂತು ಕಲಿತಂತೆ. ಕಂಪ್ಯೂಟರ್ ವಿಜ್ಞಾನಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ನ್ಯೂಜಿಲೆಂಡಿನಲ್ಲಿ ರೂಪುಗೊಂಡ 'ಸಿಎಸ್ ಅನ್‌ಪ್ಲಗ್ಡ್' ಎಂಬ ಚಟುವಟಿಕೆಗಳ ಸಂಗ್ರಹವು ಯಂತ್ರವೇ ಇಲ್ಲದೆ ಈ ವಿಷಯವನ್ನು ಕಲಿಸುತ್ತದೆ: 16, 8, 4, 2, 1 ಚುಕ್ಕಿಗಳಿರುವ ಐದು ಕಾರ್ಡುಗಳನ್ನು ಹಿಡಿದು ಐದು ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಕೂಗಿದ ಸಂಖ್ಯೆಗೆ ತಕ್ಕಂತೆ ಯಾರು ಕಾರ್ಡನ್ನು ತೋರಿಸಬೇಕು, ಯಾರು ಮುಚ್ಚಬೇಕು ಎಂದು ಲೆಕ್ಕ ಹಾಕುವಷ್ಟರಲ್ಲಿ ದ್ವಿಮಾನ ಪದ್ಧತಿ ಮೈಗೂಡಿರುತ್ತದೆ. ಇಪ್ಪತ್ತೊಂದು ಎಂದರೆ ಮೊದಲನೆಯವರು, ಮೂರನೆಯವರು, ಐದನೆಯವರು.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳೇ ಪ್ರೋಗ್ರಾಮ್ ಬರೆದುಕೊಡುವಾಗ ಇದನ್ನೆಲ್ಲ ಕಲಿಯಬೇಕೇ ಎಂಬ ಪ್ರಶ್ನೆ ಪೋಷಕರ ಸಭೆಗಳಲ್ಲಿ ಬಂದೇ ಬರುತ್ತದೆ. ಮೇಲಿನ ಉಷ್ಣಾಂಶದ ಲೆಕ್ಕವನ್ನೇ ನೆನಪಿಸುತ್ತೇನೆ. ಪ್ರೋಗ್ರಾಮನ್ನು ಬರೆದವರು ಯಾರೇ ಆಗಲಿ, ಸೊನ್ನೆ ಎಂಬ ಉತ್ತರ ಬಂದಾಗ ಅದು ಪಟ್ಟಿಯಲ್ಲಿಲ್ಲವಲ್ಲ ಎಂದು ಗಮನಿಸುವವರು ಒಬ್ಬರು ಬೇಕು.

ಒಂದು ಸಂಜೆಯ ಪರೀಕ್ಷೆ

ಇಷ್ಟು ಓದಿದ ಮೇಲೂ ತೀರ್ಮಾನವಾಗದಿದ್ದರೆ, ಅರ್ಜಿ ತುಂಬುವ ಮೊದಲು ಮನೆಯಲ್ಲೇ ಮೂರು ಸಣ್ಣ ಕೆಲಸಗಳನ್ನು ಮಾಡಿಸಿ ನೋಡಬಹುದು.

ಮೊದಲನೆಯದು ಮಾಹಿತಿ ತಂತ್ರಜ್ಞಾನದ್ದು. ಒಬ್ಬೊಬ್ಬರ ಹೆಸರೂ ವಿಳಾಸವೂ ಬೇರೆ ಬೇರೆಯಾಗಿರುವ ಮೂವತ್ತು ಆಹ್ವಾನ ಪತ್ರಗಳನ್ನು ತಯಾರಿಸಲು ಹೇಳಿ, ಮೇಲ್ ಮರ್ಜ್ ಎಂಬ ಸೌಲಭ್ಯವಿದೆ ಎಂಬ ಸುಳಿವನ್ನಷ್ಟೇ ಕೊಡಿ. ಅಚ್ಚುಕಟ್ಟಾಗಿ ಮುಗಿಸಿ, ಕೊನೆಗೆ ಯಾರೂ ಹೇಳದೆಯೇ ಎಲ್ಲ ಹೆಸರುಗಳನ್ನೂ ಒಮ್ಮೆ ಓದಿ ನೋಡಿದರೆ ಒಲವು ಅತ್ತ ಇದೆ. ಎರಡನೆಯದು ದತ್ತಾಂಶದ್ದು. ಯಾವುದಾದರೂ ಆಟದ ಒಂದು ಋತುವಿನ ಅಂಕಪಟ್ಟಿಯನ್ನು ಕೊಟ್ಟು, "ಇದರಿಂದ ಏನು ಗೊತ್ತಾಗುತ್ತದೆ?" ಎಂದಷ್ಟೇ ಕೇಳಿ. ನೀವು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದರೆ ಗುರುತು ಹಾಕಿಕೊಳ್ಳಿ.

ಮೂರನೆಯದಕ್ಕೆ ಕಂಪ್ಯೂಟರ್ ಬೇಡ. ಎಂಟು ಚೀಟಿಗಳ ಮೇಲೆ ಎಂಟು ಸಂಖ್ಯೆಗಳನ್ನು ಬರೆದು, ಕಲಸಿ, ಮಗುಚಿ ಸಾಲಾಗಿ ಇಡಿ. ಒಂದು ಸಲಕ್ಕೆ ಎರಡು ಚೀಟಿಗಳನ್ನಷ್ಟೇ ತೆರೆದು ನೋಡಬಹುದು, ಬೇಕಾದರೆ ಅವೆರಡರ ಜಾಗವನ್ನು ಅದಲುಬದಲು ಮಾಡಬಹುದು, ಆಮೇಲೆ ಮತ್ತೆ ಮಗುಚಬೇಕು. ಈ ನಿಯಮಕ್ಕೆ ಒಳಪಟ್ಟು ಎಂಟನ್ನೂ ಏರಿಕೆಯ ಕ್ರಮಕ್ಕೆ ತರುವ ಸೂಚನೆಗಳನ್ನು ಕಾಗದದ ಮೇಲೆ ಬರೆಯಲು ಹೇಳಿ. ನಂತರ ನೀವು ಏನೂ ಅರಿಯದ ಯಂತ್ರದಂತೆ, ಬರೆದದ್ದನ್ನು ಬರೆದ ಹಾಗೆಯೇ ಪಾಲಿಸುತ್ತ ಹೋಗಿ. ಮೊದಲ ಪ್ರಯತ್ನದಲ್ಲಿ ಕ್ರಮ ಬಹುತೇಕ ಕೆಟ್ಟೇ ಇರುತ್ತದೆ. ಆ ಕ್ಷಣದಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿ: ಮುಂದೆ ಬಾಗಿ ಚೀಟಿಗಳನ್ನು ಸರಿಪಡಿಸಲು ಹೋಗುತ್ತದೆಯೋ, ಅಥವಾ ಪೆನ್ನು ಹಿಡಿದು ಕಾಗದದ ಮೇಲಿನ ಸೂಚನೆಯನ್ನು ತಿದ್ದಲು ಹೋಗುತ್ತದೆಯೋ.